ಚರಟವೂ ಒಂದು ಅಮಾನತ್

(ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



ರಾತ್ರಿ ಮಲಗುವ ಮುನ್ನ ಸೂರಃ ಅಲ್ ವಾಕಿಅಃ ಓದುವ ರೂಢಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಆ ಸೂರಃದ 71ರಿಂದ 73ನೇ ಆಯತ್‌ಗಳಲ್ಲಿ ಅಲ್ಲಾಹನು ನಮ್ಮ ಒಲೆಯ ಬಗ್ಗೆಯೇ ಕೇಳುತ್ತಾನೆ. ನೀವು ಹೊತ್ತಿಸುವ ಬೆಂಕಿಯನ್ನು ನೋಡಿದ್ದೀರಾ, ಅದರ ಮರವನ್ನು ಬೆಳೆಸಿದವರು ನೀವೋ, ನಾವೋ ಎಂಬುದು ಅಲ್ಲಿನ ಪ್ರಶ್ನೆಯ ಸಾರ. ಆ ಬೆಂಕಿ ನಮಗೊಂದು ನೆನಪು, ದಾರಿಹೋಕರಿಗೊಂದು ಉಪಯೋಗ ಎಂದೂ ಅಲ್ಲಿ ತಿಳಿಸಲಾಗಿದೆ. ಸೂರಃ ಯಾಸೀನ್‌ನಲ್ಲೂ ಹಸಿರು ಮರದಿಂದ ಬೆಂಕಿ ಕೊಟ್ಟವನು ಅವನೇ ಎಂಬ ಮಾತಿದೆ. ನಾವು ಇವನ್ನು ರಿಝ್ಕ್‌ನ ಬರಕತ್‌ಗಾಗಿ ಓದುತ್ತೇವೆ. ಓದಿ ಮುಗಿಸಿ ಮಲಗುತ್ತೇವೆ. ಬೆಳಗ್ಗೆ ಎದ್ದು ಒಲೆ ಹೊತ್ತಿಸುವವಳಿಗೆ ಮಾತ್ರ ಆ ಪ್ರಶ್ನೆ ಮತ್ತೆ ಎದುರಾಗುತ್ತದೆ. ಇಂದು ಏನು ಉರಿಸುವುದು?

ಹ. ಆಯಿಶಾ(ರ) ತಮ್ಮ ಸೋದರಿಯ ಮಗ ಉರ್ವಾರಿಗೆ ಹೇಳಿದ ವಿಷಯ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಎರಡು ತಿಂಗಳಲ್ಲಿ ಮೂರು ಅಮಾವಾಸ್ಯೆ ಕಳೆದು ಮೂರು ಹೊಸ ಚಂದ್ರ ಕಂಡರೂ ಪ್ರವಾದಿವರ್ಯರ(ಸ) ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಖರ್ಜೂರ ಮತ್ತು ನೀರಿನಲ್ಲಿ ದಿನ ಕಳೆಯುತ್ತಿತ್ತು. ಅಂಥ ಮನೆಯ ಉಮ್ಮತಿಗಳು ನಾವು. ಒಲೆ ಉರಿಯುವುದೇ ಒಂದು ನಿಅಮತ್ ಎಂಬುದು ನಮಗೆ ತಿಳಿದಿರಬೇಕಿತ್ತು.

ನಮ್ಮ ಒಲೆಯಲ್ಲಿ ಏನು ಉರಿಯುತ್ತಿದೆ?

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಒಂದು ಮುಳ್ಳಿನ ಮರವಿದೆ, ಬಳ್ಳಾರಿ ಜಾಲಿ. ಅದು ಈ ಮಣ್ಣಿನದ್ದಲ್ಲ, ಅಮೆರಿಕಾ ಖಂಡದಿಂದ ಬಂದದ್ದು. ಬರಗಾಲದ ಸೀಮೆಗೆ ಉರುವಲಾಗಲಿ ಎಂದು ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಭಾಗದಲ್ಲಿ ತಂದು ಬೆಳೆಸಿದರು. ಇಂದು ಹಳ್ಳದ ದಂಡೆ, ಬೀಳು ಹೊಲ, ಕೆರೆ ಅಂಗಳ ಎಲ್ಲ ಕಡೆ ಅದೇ. ಬಡವರ ಒಲೆ ಎಷ್ಟೋ ವರ್ಷ ಅದರಿಂದಲೇ ಉರಿದಿದೆ. ಅದನ್ನು ಕಡಿದು ತಲೆಹೊರೆ ಹೊತ್ತು ತಂದ ತಾಯಂದಿರು ಇಲ್ಲಿಯೂ ಇದ್ದೀರಿ. ಸಿರುಗುಪ್ಪದ ಕಡೆಯಿಂದ ಬಂದ ಕುಟುಂಬಗಳಿಗೆ ಭತ್ತದ ಹೊಟ್ಟು ಗೊತ್ತು. ಕುರುಗೋಡು ಕಡೆಯವರಿಗೆ ಹತ್ತಿಕಟ್ಟಿಗೆ, ಮೆಣಸಿನಕಟ್ಟಿಗೆ, ಕುಳ್ಳು ಗೊತ್ತು. ಹಿರಿಯರಿಗೆ ಹೊಟ್ಟಿನ ಒಲೆಯೂ ನೆನಪಿರಬಹುದು. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿ ಎಳೆದು ತೆಗೆದರೆ ನಡುವೆ ಒಂದು ಗಾಳಿಕಂಡಿ. ಕೆಳಗಿನ ತೂತಿನಿಂದ ಕಿಡಿ ಕೊಟ್ಟರೆ ಗಂಟೆಗಟ್ಟಲೆ ಉರಿ. ಸಾಮಿಲ್ಲಿನ ಕಸದಿಂದ ಅಡುಗೆ ಮಾಡಿದ ಜನ ನಾವು.

ಈಗ ಗ್ಯಾಸ್ ಬಂದಿದೆ. ಅಲ್ಹಮ್ದುಲಿಲ್ಲಾಹ್. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡ ಮನೆಗಳಿಗೂ ಸಂಪರ್ಕ ಸಿಕ್ಕಿತು. ಆದರೆ ಸಿಲಿಂಡರ್ ಮನೆಗೆ ಬರುವುದು ಬೇರೆ, ಖಾಲಿಯಾದ ಸಿಲಿಂಡರ್ ಮತ್ತೆ ತುಂಬಿಸುವುದು ಬೇರೆ. ದಿನಗೂಲಿ ತಪ್ಪಿದ ವಾರದಲ್ಲಿ, ಶಾಲೆ ಫೀಸ್ ಕಟ್ಟಿದ ತಿಂಗಳಲ್ಲಿ ಸಿಲಿಂಡರ್ ಮೂಲೆ ಸೇರುತ್ತದೆ, ಹಿತ್ತಲ ಒಲೆ ಮತ್ತೆ ಹೊಗೆಯಾಡುತ್ತದೆ.

ನಮ್ಮ ಮೊಹಲ್ಲಾದಲ್ಲಿ ರೊಟ್ಟಿ ಸುಟ್ಟು ಮಾರಿ ಮೂರು ಮಕ್ಕಳನ್ನು ಸಾಕುತ್ತಿರುವ ಒಬ್ಬ ತಾಯಿ ಇದ್ದಾರೆ. ಹೆಸರು ಬೇಡ. ಅವರ ಒಲೆಯಲ್ಲಿ ನಾವು ಕಂಡದ್ದು ಜೀನ್ಸ್ ಬಟ್ಟೆಯ ಚಿಂದಿ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಕತ್ತರಿಸಿ ಉಳಿದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ, ಬೇಗ ಹೊತ್ತಿಕೊಳ್ಳುತ್ತವೆ. ಆದರೆ ಅದು ಬರೀ ಹತ್ತಿಯಲ್ಲ. ಬಣ್ಣವಿದೆ, ರಾಸಾಯನಿಕವಿದೆ, ಹಿಗ್ಗುವ ಬಟ್ಟೆಯಾದರೆ ಪ್ಲಾಸ್ಟಿಕ್‌ನ ಎಳೆಗಳೂ ಇವೆ. ಅದರ ಹೊಗೆ ಕಣ್ಣು ಉರಿಸುತ್ತದೆ, ಎದೆ ಹಿಡಿಯುತ್ತದೆ. ಆ ತಾಯಿಯ ಕೆಮ್ಮು ಗೋಡೆಯ ಆಚೆಗೂ ಕೇಳುತ್ತಿತ್ತು. ಆ ದಾರಿಯಲ್ಲೇ ದಿನಕ್ಕೆ ಐದು ಬಾರಿ ನಾವು ಮಸೀದಿಗೆ ಬರುತ್ತಿದ್ದೆವು. ಕೇಳಿಸಿಕೊಂಡೆವು, ಮುಂದೆ ನಡೆದೆವು.

ಅಡುಗೆ ಮನೆಯ ಹೊಗೆಯನ್ನು ನಾವು ಹೆಣ್ಣುಮಕ್ಕಳ ಹಣೆಬರಹವೆಂದು ಬಿಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 5 ವರ್ಷದೊಳಗಿನ ಮಕ್ಕಳೇ 2.37 ಲಕ್ಷಕ್ಕೂ ಹೆಚ್ಚು. ಬೆನ್ನಿಗೆ ಕಟ್ಟಿಕೊಂಡು ಅಡುಗೆ ಮಾಡುವಾಗ ತಾಯಿ ಉಸಿರಾಡಿದ್ದನ್ನೇ ಕೂಸೂ ಉಸಿರಾಡುತ್ತದೆ. ಸ್ವತಃ ಹಾನಿಗೊಳಗಾಗಬಾರದು, ಇತರರಿಗೂ ಹಾನಿ ಮಾಡಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆ ಇಬ್ನು ಮಾಜಾದಲ್ಲಿದೆ. ಈ ಬೋಧನೆಯನ್ನು ನಾವು ವ್ಯಾಪಾರದ ಜಗಳಗಳಿಗೆ ಮಾತ್ರ ಅನ್ವಯಿಸುತ್ತೇವೆ. ಒಲೆಗೂ ಅದು ಅನ್ವಯಿಸುತ್ತದೆ.

ಎಸೆಯುವ ಮುನ್ನ ಒಮ್ಮೆ ನೋಡಿ

ಇನ್ನೊಂದು ಕಡೆ ನಮ್ಮ ಚಹಾ ಅಂಗಡಿಗಳನ್ನು ನೋಡಿ. ಫಜ್ರ್ ಮುಗಿಯುತ್ತಲೇ ಗ್ಲಾಸು ಸದ್ದು ಶುರುವಾಗುತ್ತದೆ, ಇಶಾ ಆದ ಮೇಲೂ ನಿಲ್ಲುವುದಿಲ್ಲ. ಕಾಫಿ ಫಿಲ್ಟರ್‌ನ ಚರಟ, ಚಹಾದ ಚರಟ ದಿನವೂ ಬಕೆಟ್ ತುಂಬುತ್ತದೆ. ಅದು ಹೋಗುವುದು ಎಲ್ಲಿಗೆ? ಚರಂಡಿಗೆ. ಮಳೆಗಾಲದಲ್ಲಿ ಚರಂಡಿ ಕಟ್ಟಿ ನೀರು ಮೇಲೆ ಬಂದಾಗ ನಾವು ಪಾಲಿಕೆಯನ್ನು ಬೈಯುತ್ತೇವೆ. ಕೆಳಗೆ ಕೈ ಹಾಕಿ ನೋಡಿದರೆ ನಮ್ಮದೇ ಚರಟ, ನಮ್ಮದೇ ಪ್ಲಾಸ್ಟಿಕ್ ಕಪ್ಪು.

ಸೂರಃ ಅಲ್ ಅಅರಾಫ್‌ನ 31ನೇ ಆಯತ್‌ನಲ್ಲಿ ತಿನ್ನಲು, ಕುಡಿಯಲು ಅನುಮತಿ ಇದೆ, ಮಿತಿಮೀರಲು ಇಲ್ಲ. ಇಸ್ರಾಫ್ ಎಂದರೆ ಮದುವೆಯಲ್ಲಿ ಬಿರಿಯಾನಿ ಚೆಲ್ಲುವುದು ಮಾತ್ರ ಎಂದುಕೊಂಡಿದ್ದೇವೆ. ಉಪಯೋಗವಿರುವ ವಸ್ತುವನ್ನು ಉಪಯೋಗವಿಲ್ಲವೆಂದು ಬಿಸಾಡುವುದೂ ಇಸ್ರಾಫ್‌ನ ನೆರೆಮನೆಯೇ.

ಈ ಕುರಿತು ಒಂದು ಸೊಗಸಾದ ಹದೀಸ್ ಇದೆ. ಹ. ಮೈಮೂನಾ(ರ) ಅವರಿಂದ ಬಿಡುಗಡೆ ಪಡೆದ ಒಬ್ಬ ಮಹಿಳೆಗೆ ಸದಕಾ ರೂಪದಲ್ಲಿ ಒಂದು ಕುರಿ ಸಿಕ್ಕಿತ್ತು. ಅದು ಸತ್ತುಹೋಯಿತು. ಎಸೆದಿದ್ದ ಅದರ ಬಳಿ ಪ್ರವಾದಿವರ್ಯರು(ಸ) ಹಾದುಹೋದಾಗ, ಇದರ ಚರ್ಮ ತೆಗೆದು ಹದಮಾಡಿ ಏಕೆ ಬಳಸಲಿಲ್ಲ ಎಂದು ಕೇಳಿದರು. ಸತ್ತ ಪ್ರಾಣಿಯಲ್ಲವೇ ಎಂದು ಜನ ಹೇಳಿದಾಗ, ನಿಷಿದ್ಧವಾದದ್ದು ಅದನ್ನು ತಿನ್ನುವುದು ಮಾತ್ರ ಎಂದು ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ. ನೋಡಿ, ಅಲ್ಲಾಹನ ರಸೂಲರು(ಸ) ದಾರಿ ಬದಿಯ ಸತ್ತ ಕುರಿಯನ್ನು ಕಂಡು ಮೂಗು ಮುಚ್ಚಿ ಹೋಗಲಿಲ್ಲ. ಇದರಲ್ಲಿ ಇನ್ನೂ ಏನು ಉಳಿದಿದೆ ಎಂದು ನೋಡಿದರು. ತಟ್ಟೆಯಿಂದ ಬಿದ್ದ ತುತ್ತನ್ನೂ ಧೂಳು ಒರೆಸಿ ತಿನ್ನಿರಿ, ಶೈತಾನನಿಗೆ ಬಿಡಬೇಡಿರಿ ಎಂಬುದು ಅವರದೇ ಶಿಕ್ಷಣ. ಬರಕತ್ ಯಾವ ತುತ್ತಿನಲ್ಲಿದೆ ಎಂಬುದು ನಮಗೆ ತಿಳಿಯದು.

ಕಾಫಿಗೂ ನಮಗೂ ಹಳೆಯ ನಂಟು. 15ನೇ ಶತಮಾನದಲ್ಲಿ ಯಮನ್‌ನ ಸೂಫಿಗಳು ರಾತ್ರಿಯ ದಿಕ್ರ್‌ಗೆ ಎಚ್ಚರವಾಗಿರಲು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದಲ್ಲಿ ಒಬ್ಬ ಅಧಿಕಾರಿ ಕಾಫಿಗೆ ನಿಷೇಧವನ್ನೇ ಹೇರಿದ, ಅದು ಬಹಳ ದಿನ ನಿಲ್ಲಲಿಲ್ಲ. ಆ ಯಮನ್‌ನಿಂದಲೇ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಜನ ಹೇಳುತ್ತಾರೆ. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ನಮ್ಮ ಕರ್ನಾಟಕದ್ದು. ಅಲ್ಲಿ ಕಾಫಿ ಹಣ್ಣಿನ ಹೊಟ್ಟು ಉರುವಲಾಗುತ್ತದೆ. ಇನ್‌ಸ್ಟಂಟ್ ಕಾಫಿ ತಯಾರಿಸುವ ದೊಡ್ಡ ಕಾರ್ಖಾನೆಗಳು ಉಳಿದ ಚರಟವನ್ನು ತಮ್ಮ ಬಾಯ್ಲರ್‌ನಲ್ಲೇ ಉರಿಸುತ್ತವೆ. ಲಂಡನ್‌ನಲ್ಲಿ 2013ರಲ್ಲಿ ಆರಂಭವಾದ ಬಯೋ-ಬೀನ್ ಎಂಬ ಕಂಪನಿ ಕಾಫಿ ಅಂಗಡಿಗಳ ಚರಟ ಸಂಗ್ರಹಿಸಿ, ಒಣಗಿಸಿ, ಒತ್ತಿ, ಮನೆಯ ಒಲೆಗೆ ಕೊರಡು ಮಾಡಿ ಮಾರಿತು. ಒಂದು ಕೊರಡಿಗೆ ಸುಮಾರು 25 ಕಪ್ ಕಾಫಿಯ ಚರಟ. ಕಂಪನಿಗಳಿಗೆ ಲಾಭ ಕಂಡ ವಸ್ತು ನಮಗೆ ಕಸವಾಗಿಯೇ ಏಕೆ ಕಾಣಬೇಕು?

ನಾವು ಮಾಡಿ ನೋಡಿದ್ದು

ಜಮಾಅತ್‌ನ ಕೆಲವು ಯುವಕರೊಂದಿಗೆ ಕೂಡಿ ನಾವು ಇದನ್ನು ಮಾಡಿ ನೋಡಿದೆವು. ಗೆದ್ದ ಕಥೆ ಮಾತ್ರ ಹೇಳಿದರೆ ನಿಮಗೆ ಪ್ರಯೋಜನವಿಲ್ಲ, ಸೋತದ್ದನ್ನೂ ಹೇಳುತ್ತೇವೆ.

ಮೊದಲ ಸಲ ಅಂಗಡಿಗಳಿಂದ ತಂದ ಹಸಿ ಚರಟವನ್ನು ಚೀಲದಲ್ಲಿ ತುಂಬಿ ಮಸೀದಿಯ ಹಿಂದಿನ ಪಡಸಾಲೆಯಲ್ಲಿ ಇಟ್ಟೆವು. ನಾಲ್ಕನೇ ದಿನಕ್ಕೆ ಬೂಸ್ಟು ಹಿಡಿದು ವಾಸನೆ ಸಫ್‌ವರೆಗೂ ಬಂತು. ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂಬ ಹದೀಸ್ ನಮಗೇ ಒಬ್ಬ ಹಿರಿಯರು ನೆನಪಿಸಿದರು. ಅವರು ಹೇಳಿದ್ದು ಸರಿ. ಎರಡನೇ ಸಲ ಒಣಗಿಸಿದೆವು, ಬರೀ ಗಂಜಿ ಹಾಕಿ ಕಟ್ಟಿದೆವು. ಕೈಯಲ್ಲಿ ಎತ್ತುವಾಗಲೇ ಪುಡಿಯಾಯಿತು. ಮೂರನೇ ಸಲ ಒಂದಿಷ್ಟು ಹದ ಸಿಕ್ಕಿತು.

ವಿಷಯ ಇಷ್ಟೇ. ಹಸಿ ಚರಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. 10 ಕಿಲೋ ಹಸಿ ಚರಟ ಒಣಗಿದರೆ ಉಳಿಯುವುದು 4 ಕಿಲೋ ಆಸುಪಾಸು. ಆ ನೀರು ಒಳಗಿದ್ದರೆ ಬೆಂಕಿಯ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಉಳಿಯುವುದು ಹೊಗೆ. ಚೆನ್ನಾಗಿ ಒಣಗಿದ ಕಾಫಿ ಚರಟದಲ್ಲಿ ಎಣ್ಣೆಯ ಅಂಶ ಉಳಿದಿರುವುದರಿಂದ ಅದರ ಶಾಖ ತೂಕಕ್ಕೆ ತೂಕ ಸಾಮಾನ್ಯ ಕಟ್ಟಿಗೆಗಿಂತ ಕಡಿಮೆಯಿಲ್ಲ, ಸ್ವಲ್ಪ ಹೆಚ್ಚೇ. ಆದ್ದರಿಂದ ಈ ಕೆಲಸದಲ್ಲಿ ಮುಕ್ಕಾಲು ಪಾಲು ಒಣಗಿಸುವುದೇ. ಬಳ್ಳಾರಿಯವರಿಗೆ ಬಿಸಿಲಿನ ಬಗ್ಗೆ ದೂರು ಬಹಳ. ಆ ಬಿಸಿಲೇ ಇಲ್ಲಿ ನಮ್ಮ ಬಂಡವಾಳ.

ಮಾಡುವ ಕ್ರಮ ಹೀಗಿದೆ. ಫಿಲ್ಟರ್ ಕಾಫಿಯ ಚರಟಕ್ಕೆ ಹಾಲು, ಸಕ್ಕರೆ ತಾಗಿರುವುದಿಲ್ಲ, ಅದನ್ನು ನೇರವಾಗಿ ಒಣಗಿಸಬಹುದು. ಹಾಲು, ಸಕ್ಕರೆಯೊಂದಿಗೆ ಕುದಿಸಿದ ಚಹಾದ ಚರಟವಾದರೆ ಒಮ್ಮೆ ನೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಹಿಂಡಬೇಕು. ಇಲ್ಲದಿದ್ದರೆ ಇರುವೆ, ನೊಣ, ಹುಳಿವಾಸನೆ. ತಂದ ದಿನವೇ ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ದಿನಕ್ಕೆ ಎರಡು ಸಲ ಕೈಯಾಡಿಸಿ. ಬೇಸಿಗೆಯಲ್ಲಿ ಎರಡು ದಿನ ಸಾಕು. ಹಿಡಿಯಲ್ಲಿ ಹಿಡಿದರೆ ಮರಳಿನಂತೆ ಬೆರಳ ಸಂದಿನಿಂದ ಜಾರಬೇಕು, ಅದೇ ಗುರುತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಚರಟ ತಾನಾಗಿ ಅಂಟುವುದಿಲ್ಲ. ರಾತ್ರಿ ನೆನೆಹಾಕಿ ನಾದಿದ ಹಳೆಯ ಪೇಪರ್ ಅಥವಾ ರಟ್ಟು, ಮರದ ಹೊಟ್ಟು, ಅನ್ನ ಬಸಿದ ಗಂಜಿ, ಈ ಮೂರು ಬೇಕು. ನಾಲ್ಕು ಪಾಲು ಒಣ ಚರಟಕ್ಕೆ ಒಂದು ಪಾಲು ಹೊಟ್ಟು, ಒಂದು ಪಾಲು ನಾದಿದ ಪೇಪರ್, ಹಿಡಿದರೆ ಉಂಡೆಯಾಗುವಷ್ಟು ಗಂಜಿ. ಗಂಜಿ ಎಂದರೆ ಚೆಲ್ಲುವ ಗಂಜಿ. ಉರುವಲಿಗಾಗಿ ತಿನ್ನುವ ಹಿಟ್ಟನ್ನು ಕಲಸಿದರೆ ಒಂದು ಇಸ್ರಾಫ್ ತಪ್ಪಿಸಲು ಇನ್ನೊಂದು ಇಸ್ರಾಫ್ ಮಾಡಿದಂತೆ. ಪೇಪರ್ ವಿಷಯದಲ್ಲಿ ಒಂದು ಎಚ್ಚರ. ಕುರ್‌ಆನ್ ಆಯತ್, ಹದೀಸ್, ಅಲ್ಲಾಹನ ನಾಮ ಇರುವ ಹಾಳೆಗಳನ್ನು ಮೊದಲೇ ಬೇರೆ ತೆಗೆದಿಡಿ. ನಮ್ಮ ಈ ಪತ್ರಿಕೆಯ ಹಳೆಯ ಸಂಚಿಕೆಗಳೂ ಅದರಲ್ಲಿ ಸೇರಿದವು. ಹೊಳೆಯುವ, ಪ್ಲಾಸ್ಟಿಕ್ ಲೇಪದ ಕಾಗದವೂ ಬೇಡ.

ನಾಲ್ಕು ಇಂಚಿನ ಪೈಪ್ ತುಂಡನ್ನು ಅಚ್ಚು ಮಾಡಿಕೊಂಡು, ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಮಿಶ್ರಣ ತುಂಬಿ ಒತ್ತಿದೆವು. ಕೋಲು ಎಳೆದರೆ ನಡುವೆ ಗಾಳಿಕಂಡಿ, ಹಿರಿಯರ ಹೊಟ್ಟಿನ ಒಲೆಯಿಂದ ಕಲಿತ ಪಾಠ. ಆ ಕಂಡಿ ಇಲ್ಲದೆ ಮಾಡಿದ ಕೊರಡು ಹೊರಗೆ ಮಾತ್ರ ಕಪ್ಪಾಗಿ ಒಳಗೆ ಹಾಗೇ ಉಳಿದಿತ್ತು. ಮತ್ತೆ 10ರಿಂದ 15 ದಿನ ಬಿಸಿಲಿಗೆ ಇಡಬೇಕು. ಒಂದಕ್ಕೊಂದು ತಟ್ಟಿದರೆ ಮರದಂತೆ ಟಕ್ ಎನ್ನಬೇಕು. ಇಂಥ ಮೂರು ಕೊರಡು, ಒಂದು ಹಿಡಿ ಜಾಲಿ ಪುಳ್ಳೆಯಲ್ಲಿ ಚಳಿಗಾಲದ ಒಂದು ಫಜ್ರ್‌ಗೆ ಸುಮಾರು 30 ಲೀಟರ್ ಹಿಡಿಯುವ ಹಂಡೆಯ ನೀರು ವುಝೂ ಮಾಡುವಷ್ಟು ಬೆಚ್ಚಗಾಯಿತು. ಅಂದು ನಮ್ಮ ಹುಡುಗರ ಸಂತೋಷ ನೋಡಬೇಕಿತ್ತು.

ಆ ತಾಯಿ ಕೇಳಿದ ಪ್ರಶ್ನೆ

ಈ ಪ್ರವಚನ ಹುಟ್ಟಿದ್ದು ಇಲ್ಲಿಂದ ಮುಂದೆ ನಡೆದ ಒಂದು ಸಂಗತಿಯಿಂದ.

ಸಂತೋಷದಲ್ಲಿ ನಾವು ಒಂದು ಚೀಲ ಕೊರಡು ಕಟ್ಟಿಕೊಂಡು ಆ ರೊಟ್ಟಿ ಸುಡುವ ತಾಯಿಯ ಮನೆಗೆ ಹೋದೆವು. ಸದಕಾ ಕೊಡುವ ಹೆಮ್ಮೆ ನಮ್ಮ ಮುಖದಲ್ಲಿ ಇದ್ದಿರಬೇಕು. ಹುಡುಗನೊಬ್ಬ, ‘ಖಾಲಾ, ಇನ್ನು ಮೇಲೆ ಚಿಂದಿ ಉರಿಸಬೇಡಿರಿ, ಇದನ್ನ ಉರಿಸಿರಿ’ ಎಂದ. ಆ ತಾಯಿ ಒಂದು ಕೊರಡು ಎತ್ತಿಕೊಂಡರು, ಮೂಸಿ ನೋಡಿದರು, ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು:

‘ಹಜರತ್, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಅಡುಗಿ ಇದರ ಮ್ಯಾಲೆ ಮಾಡ್ತಾರೇನ್ರಿ?’

ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಎರಡು ಸಿಲಿಂಡರ್ ಇವೆ. ಚೀಲ ಅಲ್ಲೇ ಇಟ್ಟು ಸಲಾಮ್ ಹೇಳಿ ಬಂದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಅಂದು ರಾತ್ರಿ ಸೂರಃ ಅಲ್ ಬಕರಃದ 267ನೇ ಆಯತ್ ನೆನಪಾಯಿತು. ಅಲ್ಲಾಹನ ಮಾರ್ಗದಲ್ಲಿ ಕೊಡುವಾಗ ಒಳ್ಳೆಯದನ್ನು ಕೊಡಿರಿ, ನಿಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ನೀವು ತೆಗೆದುಕೊಳ್ಳದಂಥ ಕೀಳು ವಸ್ತುವನ್ನು ಆರಿಸಿ ಕೊಡಬೇಡಿರಿ ಎಂಬುದು ಅದರ ಆಶಯ. ಎಷ್ಟೋ ಸಲ ಇದೇ ಮಿಂಬರ್‌ನಿಂದ ಈ ಆಯತ್ ವಿವರಿಸಿದ್ದೇವೆ, ಹರಿದ ಬಟ್ಟೆ, ಹಳಸಿದ ಅನ್ನ ಎಂದು ಉದಾಹರಣೆ ಕೊಟ್ಟಿದ್ದೇವೆ. ನಮ್ಮದೇ ಚೀಲ ಆ ಪಟ್ಟಿಯಲ್ಲಿರುವುದು ನಮಗೆ ಕಂಡಿರಲಿಲ್ಲ. ಕಸ ಉಳಿಸಿದೆವು ಎಂಬ ಸಂತೋಷದಲ್ಲಿ, ನಮ್ಮ ಕಸವನ್ನು ಬಡವರ ಅಡುಗೆ ಮನೆಗೆ ಸಾಗಿಸುವವರಾಗಿದ್ದೆವು. ಚಿಂದಿಯ ಹೊಗೆಗಿಂತ ಚರಟದ ಹೊಗೆ ಮೇಲು, ನಿಜ. ಆದರೆ ಹೊಗೆ ಹೊಗೆಯೇ. ಕಿಟಕಿಯಿಲ್ಲದ ಕೋಣೆಯಲ್ಲಿ ಅದೂ ಎದೆಗೇ ಹೋಗುತ್ತದೆ.

ಮರುದಿನ ಹಿರಿಯರೊಂದಿಗೆ ಕುಳಿತು ಕೆಲವು ನಿರ್ಧಾರ ಮಾಡಿದೆವು. ಒಂದು, ಆ ಮನೆ ಮತ್ತು ಅಂಥ ಇನ್ನೂ ಕೆಲವು ಮನೆಗಳ ಸಿಲಿಂಡರ್ ತುಂಬಿಸುವ ಖರ್ಚನ್ನು ಬೈತುಲ್‌ಮಾಲ್‌ನಿಂದ ಕೊಡುವುದು. ಝಕಾತ್‌ಗೆ ಅರ್ಹರಾದ ಬಡವರ ಅಡುಗೆಯ ಅಗತ್ಯ ಝಕಾತ್‌ನಿಂದ ಪೂರೈಸಲು ಅಡ್ಡಿಯಿಲ್ಲ. ಎರಡು, ಚರಟದ ಕೊರಡನ್ನು ಮೊದಲು ನಮ್ಮ ಮನೆಗಳ ಬಚ್ಚಲ ಒಲೆಯಲ್ಲಿ, ಮಸೀದಿಯ ಹಂಡೆಯ ಒಲೆಯಲ್ಲಿ, ಬಯಲಿನಲ್ಲಿ ದೇಗ್ ಇಡುವ ದಾವತ್‌ಗಳಲ್ಲಿ ಬಳಸುವುದು. ನಾವು ಬಳಸದ್ದನ್ನು ಯಾರಿಗೂ ಕೊಡುವುದಿಲ್ಲ. ಮೂರು, ಇದನ್ನು ದಾನ ಮಾಡುವುದಲ್ಲ, ಕೆಲಸವಾಗಿ ಕಲಿಸುವುದು. ಯಾರಾದರೂ ಮಾಡಿ ಮಾರುವುದಾದರೆ ಮಸೀದಿಯೇ ಮೊದಲ ಗಿರಾಕಿ, ಸರಿಯಾದ ಬೆಲೆ ಕೊಟ್ಟು.

ಮೂರನೆಯದಕ್ಕೆ ಕಾರಣವಿದೆ. ಹಗ್ಗ ತೆಗೆದುಕೊಂಡು ಹೋಗಿ ಬೆನ್ನ ಮೇಲೆ ಕಟ್ಟಿಗೆಯ ಹೊರೆ ತಂದು ಮಾರುವುದು ಜನರ ಮುಂದೆ ಕೈ ಚಾಚುವುದಕ್ಕಿಂತ ಮೇಲು ಎಂದು ಪ್ರವಾದಿವರ್ಯರು(ಸ) ಕಲಿಸಿದ ವರದಿ ಬುಖಾರಿಯಲ್ಲಿದೆ. ಉರುವಲು ಮಾರುವುದನ್ನು ಅವರು ಗೌರವದ ಕೆಲಸದ ಉದಾಹರಣೆಯಾಗಿಯೇ ಹೇಳಿದರು. ಇಂದು ಆ ಹಗ್ಗದ ಬದಲು ಒಂದು ಅಚ್ಚು, ಒಂದು ತಾಡಪತ್ರಿ. ಈಗ ಇಬ್ಬರು ಸಹೋದರಿಯರು ತಮ್ಮ ಮಾಳಿಗೆಯ ಮೇಲೆ ಇದನ್ನು ಮಾಡುತ್ತಿದ್ದಾರೆ. ಅವರಲ್ಲಿ ಒಬ್ಬರು ಅಂದು ನಮ್ಮನ್ನು ಪ್ರಶ್ನೆ ಕೇಳಿದ ಆ ತಾಯಿಯೇ. ಅಡುಗೆ ಅವರದು ಗ್ಯಾಸ್ ಮೇಲೆ. ಕೊರಡು ನಮ್ಮ ಹಂಡೆಗೆ. ದೊಡ್ಡ ಆದಾಯವೇನೂ ಅಲ್ಲ. ಆದರೆ ನಾವು ಹಣ ಕೊಡುವಾಗ ಅವರು ಎಣಿಸಿ ತೆಗೆದುಕೊಳ್ಳುತ್ತಾರೆ, ದುಆ ಮಾಡುತ್ತ ತಲೆ ತಗ್ಗಿಸುವುದಿಲ್ಲ. ಈ ವ್ಯತ್ಯಾಸವನ್ನು ನಾವು ಕಲಿಯಬೇಕಿತ್ತು.

ಎಚ್ಚರಿಕೆಯ ಮಾತು

ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಮನೆಯವರ ಸಮೇತ ಬೆಂಕಿಗೆ ಆಹುತಿಯಾದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿ ಮಲಗಿರಿ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಆದ್ದರಿಂದ ಈ ಕೊರಡಾಗಲಿ, ಇದ್ದಿಲಾಗಲಿ, ಕುಳ್ಳಾಗಲಿ ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಚಳಿಗೆಂದು ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚಬೇಡಿ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ವಿಷಗಾಳಿ ಕೆಂಡದಿಂದ ಬರುತ್ತದೆ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಯಲಿನಲ್ಲಿ ಅಥವಾ ಹೊಗೆಗೊಳವೆ ಇರುವ ಒಲೆಯಲ್ಲಿ ಮಾತ್ರ ಉರಿಸಿ.

ಒಲೆಯೂ ಮುಖ್ಯ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ಕೇಂದ್ರ ಹಳ್ಳಿಯ ಮನೆಗಳಿಗಾಗಿ ಅಸ್ತ್ರ ಒಲೆ ರೂಪಿಸಿತು. ಹೊಗೆ ಹೊರಹೋಗಲು ಕೊಳವೆ, ಒಂದೇ ಉರಿಯಲ್ಲಿ ಮೂರು ಪಾತ್ರೆ, ಕೆಳಗೆ ಗಾಳಿ ಬರಲು ಜಾಲರಿ. ನಮ್ಮ ಬಚ್ಚಲ ಒಲೆಗೂ ಕೆಳಗೊಂದು ಜಾಲರಿ, ಮೇಲೊಂದು ಕೊಳವೆ ಇಟ್ಟರೆ ಅರ್ಧ ತೊಂದರೆ ಕಡಿಮೆ. ಬೂದಿ ಪೂರ್ತಿ ತಣ್ಣಗಾದ ಮೇಲೆ ಗಿಡದ ಬುಡಕ್ಕೆ ಹಾಕಿ.

ಕೊರಡು ಮಾಡುವ ಬಿಡುವಿಲ್ಲದವರು ಚರಟವನ್ನು ಮಣ್ಣಿನೊಂದಿಗೆ ಬೆರೆಸಿ ಗೊಬ್ಬರ ಮಾಡಿ. ಅದೂ ಆಗದಿದ್ದರೆ ಕನಿಷ್ಠ ಚರಂಡಿಗೆ ಹಾಕದಿರಿ. ಇನ್ನು ಜೀನ್ಸ್ ಚಿಂದಿ, ಪ್ಲಾಸ್ಟಿಕ್, ಹಳೆಯ ಚಪ್ಪಲಿ, ಇವನ್ನು ಯಾವ ಒಲೆಯಲ್ಲೂ, ಯಾವ ಕಾರಣಕ್ಕೂ ಉರಿಸಬೇಡಿ. ಇವುಗಳ ಹೊಗೆ ನಿಮ್ಮ ಗೋಡೆಗೆ ನಿಲ್ಲುವುದಿಲ್ಲ, ನೆರೆಮನೆಯ ತೊಟ್ಟಿಲಿಗೂ ಹೋಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ಕಿಯಾಮತ್‌ನಲ್ಲಿ ಕೇಳುವಾಗ ಹೊಗೆಯ ಲೆಕ್ಕ ಬಿಟ್ಟುಹೋಗುವುದಿಲ್ಲ.

ನೀರು, ಹುಲ್ಲು, ಬೆಂಕಿ, ಈ ಮೂರರಲ್ಲಿ ಮುಸ್ಲಿಮರೆಲ್ಲ ಪಾಲುದಾರರು ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ನೆರೆಯವಳು ಕೆಂಡ ಕೇಳಲು ಬಂದರೆ ಇಲ್ಲವೆನ್ನುವ ಕಾಲ ಇರಲಿಲ್ಲ. ಈಗ ಕೆಂಡ ಕೇಳಲು ಯಾರೂ ಬರುವುದಿಲ್ಲ. ಆದರೆ ಸಿಲಿಂಡರ್ ಖಾಲಿಯಾದ ಮನೆಯ ಬಾಗಿಲು ಮುಚ್ಚಿರುತ್ತದೆ, ಅವರು ಕೇಳುವುದಿಲ್ಲ. ಕೇಳದವರ ಬಾಗಿಲಿಗೆ ನಾವೇ ಹೋಗಬೇಕು.

ನಮ್ಮ ಕೌಲು

ನಮ್ಮ ಈ ಬಜಾರದ ಹೆಸರನ್ನು ಒಮ್ಮೆ ಯೋಚಿಸಿ. ಹಳೆಯ ಕಂದಾಯದ ಭಾಷೆಯಲ್ಲಿ ಕೌಲು ಎಂದರೆ ಕರಾರು, ಕೊಟ್ಟ ಮಾತು. ಅದರ ಮೂಲ ಅರಬಿಯ ಖೌಲ್, ಅಂದರೆ ಮಾತು. ಸೂರಃ ಅಸ್ಸಫ್ಫ್‌ನಲ್ಲಿ ಸತ್ಯವಿಶ್ವಾಸಿಗಳೇ, ನೀವು ಮಾಡದ್ದನ್ನು ಏಕೆ ಹೇಳುತ್ತೀರಿ ಎಂದು ಅಲ್ಲಾಹನು ಕೇಳುವಲ್ಲಿಯೂ ಇದೇ ಧಾತುವಿನ ಪದವಿದೆ. ಮಾತಿನ ಹೆಸರು ಹೊತ್ತ ಮೊಹಲ್ಲಾದಲ್ಲಿ ವಾಸಿಸುವ ನಮಗೆ ಆ ಪ್ರಶ್ನೆ ಇನ್ನೂ ಹತ್ತಿರದ್ದು. ಆ ತಾಯಿ ಕೇಳಿದ್ದೂ ಅದನ್ನೇ ಅಲ್ಲವೇ? ನೀವು ಹೇಳುವುದನ್ನು ನಿಮ್ಮ ಮನೆಯಲ್ಲಿ ಮಾಡುತ್ತೀರಾ?

ಆದ್ದರಿಂದ ಇಂದು ಹೆಚ್ಚು ಕೇಳುವುದಿಲ್ಲ. ಚಹಾ ಅಂಗಡಿ ಇಟ್ಟಿರುವ ಸಹೋದರರು ಚರಟಕ್ಕೆ ಒಂದು ಪ್ರತ್ಯೇಕ ಬಕೆಟ್ ಇಡಿ. ಮಾಳಿಗೆ ಇರುವವರು ಬೇಸಿಗೆಯ ಎರಡು ತಿಂಗಳು ಒಂದು ಮೂಲೆ ಬಿಟ್ಟುಕೊಡಿ. ಅನುಕೂಲವಿರುವವರು ಪ್ರತಿ ಸಲ ತಮ್ಮ ಸಿಲಿಂಡರ್ ತುಂಬಿಸುವಾಗ ಇನ್ನೊಂದು ಮನೆಯ ಸಿಲಿಂಡರ್‌ಗೆ ತಮ್ಮ ಕೈಲಾದಷ್ಟು ಬೈತುಲ್‌ಮಾಲ್ ಪೆಟ್ಟಿಗೆಗೆ ಹಾಕಿ, ಯಾರ ಮನೆಯದೆಂದು ಕೇಳಬೇಡಿ. ಗಂಡಸರು ವಾರಕ್ಕೆ ಒಂದು ದಿನವಾದರೂ ಅಡುಗೆ ಮನೆಯಲ್ಲಿ ಒಂದು ಗಂಟೆ ಕುಳಿತು ಅಲ್ಲಿನ ಗಾಳಿ ಉಸಿರಾಡಿ ನೋಡಿ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಹದೀಸ್‌ನಲ್ಲಿದೆ.

ಓ ಅಲ್ಲಾಹ್, ನಮ್ಮ ಒಲೆಗಳಲ್ಲಿ ಬರಕತ್ ಕೊಡು. ನಮ್ಮ ತಾಯಂದಿರ, ಹೆಂಡತಿಯರ, ಹೆಣ್ಣುಮಕ್ಕಳ ಉಸಿರನ್ನು ಕಾಪಾಡು. ನೀನು ಕೊಟ್ಟದ್ದನ್ನು ಪೋಲು ಮಾಡುವವರಲ್ಲಿ ನಮ್ಮನ್ನು ಸೇರಿಸಬೇಡ. ನಮಗೆ ಬೇಡವಾದದ್ದನ್ನು ಬಡವರಿಗೆ ಕೊಟ್ಟು ಪುಣ್ಯ ಎಣಿಸುವ ಮನಸ್ಸಿನಿಂದ ನಮ್ಮನ್ನು ರಕ್ಷಿಸು. ಈ ಲೋಕದ ಬೆಂಕಿಯನ್ನು ನಮಗೆ ಉಪಯೋಗವಾಗಿಸು, ಪರಲೋಕದ ಬೆಂಕಿಯಿಂದ ನಮ್ಮನ್ನು ಪಾರುಮಾಡು. ಆಮೀನ್.